ತುಂಬದ ಟ್ಯಾಂಕಿನ ಹೆಮ್ಮಿ

“ನಮ್ಮ ಮನಿ ಕಟ್ಟಿ 20 ವರ್ಷ ಆತು, ಸಂಡಾಸದ ಟ್ಯಾಂಕ್ ಒಂದ ಸಲಾನೂ ತುಂಬಿಲ್ಲ ನೋಡ್ರಿ.”

ಅರಿಶಿಣ-ಕುಂಕುಮಕ್ಕ ಹೋದಲ್ಲೆ, ಮದವಿ ಮನ್ಯಾಗ, ಈ ಮಾತು ಎಷ್ಟ ಸಲ ಕೇಳೇನೋ ಲೆಕ್ಕ ಇಲ್ಲ. ಕೇಳಿದವರೂ “ಗೌಂಡಿ ಛಲೋ ಸಿಕ್ಕಾನ ಬಿಡ್ರಿ” ಅಂತಾರ. ಸಿಟ್ಟ ಮಾಡ್ಕೋಬ್ಯಾಡ್ರಿ ವೈನಿ, ಒಂದ ಮಾತ ಕೇಳತೇನಿ. ಐದು ಮಂದಿ ಇರೋ ಮನಿ, 20 ವರ್ಷದ್ದು ಎಲ್ಲೆ ಹೋತು? ಒಂದೋ ಟ್ಯಾಂಕಿನ ತಳಕ್ಕ ಕಾಂಕ್ರೀಟ್ ಇಲ್ಲ, ಭೂಮಿಗೆ ಇಳೀಲಿಕ್ಕೆ ಹತ್ತೇದ. ಇಲ್ಲಾ ಹಿತ್ತಲ ಕಡೆಯಿಂದ ಪೈಪ್ ಹಾಕಿ ಗಟಾರಕ್ಕ ಬಿಟ್ಟಾರ. ಇದರಾಗ ಹೆಮ್ಮಿ ಪಡೋದು ಯಾವುದು?

ಖರೇ ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ನೀರಿನಿಂದ ತುಂಬೇ ಇರತದ. ಹುಣಸಿಹಣ್ಣಿನ ರಸಾ ಇಟ್ಟಾಗ ಗಸಿ ತಳಕ್ಕ ಕೂಡತದಲ್ಲಾ, ಹಂಗ ರಾಡಿ ಕೆಳಗ ಕೂಡತದ, ಜಿಡ್ಡು ಮ್ಯಾಲೆ ತೇಲತದ, ನಡುವಿನ ನೀರು ಎರಡನೇ ಕೋಣಿಗೆ ಹೋಗಿ ಅಲ್ಲಿಂದ ಇಂಗುಗುಂಡಿಗೆ ಹರೀತದ. ರಾಡಿಯನ್ನ ಕ್ರಿಮಿಗಳು ಒಂದಷ್ಟು ಕರಗಸತಾವ, ಪೂರ್ತಿ ಅಲ್ಲ. ಅದಕ್ಕ ಎರಡು-ಮೂರು ವರ್ಷಕ್ಕೊಮ್ಮೆ ಗಾಡಿ ಕರಸಿ ಎಳಸಬೇಕು. ಆ ಕ್ರಿಮಿಗಳ ಮ್ಯಾಲೆ ವಾರಾ ವಾರಾ ಆ್ಯಸಿಡ್ ಸುರದು, ಮ್ಯಾಲೆ ‘ವಾಸನಿ ಯಾಕ ಬರತದ’ ಅಂದ್ರ ಏನ ಹೇಳೋದು.

ಇನ್ನ ನೀರಿನ ಮಾತು. ಇಂಗುಗುಂಡಿಗೂ ಕುಡಿಯೋ ನೀರಿನ ಬಾವಿ-ಬೋರಿಗೂ ಕಡಿಮಿ ಅಂದ್ರ 18 ಮೀಟರ್ ಅಂತರ ಇರಬೇಕು ಅಂತ ಭಾರತೀಯ ಮಾನಕದಾಗ ಅದ. ಅಂದ್ರ ಹತ್ತಹತ್ತರ 60 ಅಡಿ. ನಮ್ಮ 30–40ರ ಸೈಟನ್ನ ಮೂಲಿಯಿಂದ ಮೂಲಿಗೆ ಅಳದ್ರೂ 50 ಅಡಿ! ಎರಡೂ ಅದರಾಗ ಕೂಡೂದ ಇಲ್ಲ. ಆದ್ರೂ ನಾವು ಈ ಮೂಲ್ಯಾಗ ಬೋರ್ ಹೊಡಸತೇವಿ, ಆ ಮೂಲ್ಯಾಗ ಗುಂಡಿ ತೋಡಸತೇವಿ. ಬಾಜೂ ಮನಿಯವರ ಬೋರ್ ಎಲ್ಲೆ ಅದ ಅಂತಂತೂ ಯಾರೂ ಕೇಳಂಗಿಲ್ಲ. ಕಾಸಿ ಕುಡದ್ರ ಆತು ಅಂತೀರಿ. ಕಾಸಿದ್ರ ಕ್ರಿಮಿ ಸಾಯತಾವ, ನೈಟ್ರೇಟ್ ಹೋಗಂಗಿಲ್ಲ. ಓಣಿಗೆ ಒಳಚರಂಡಿ ಬಂದಿದ್ರ ರೊಕ್ಕ ತುಂಬಿ ಕನೆಕ್ಷನ್ ತಗೊಳ್ರಿ, ಜಗಳಾನ ಇಲ್ಲ.

ನನಗ ಎಲ್ಲಾಕ್ಕಿಂತ ಸಂಕಟ ಆಗೋದು ಮುಚ್ಚಳದ ವಿಷಯಕ್ಕ. ಅಂಗಳ ಚಂದ ಕಾಣಬೇಕು ಅಂತ ಟ್ಯಾಂಕಿನ ಮುಚ್ಚಳದ ಮ್ಯಾಲೆ ಟೈಲ್ಸ್ ಹಾಕಿಸಿ, ಅದರ ಮ್ಯಾಲೆ ರಂಗೋಲಿ. ಹದಿನೈದು ವರ್ಷದ ಮ್ಯಾಲೆ ಸಂಡಾಸ ಕಟ್ಟಿಕೊಂಡಾಗ ಮುಚ್ಚಳ ಎಲ್ಲದ ಅಂತ ಯಜಮಾನರಿಗೂ ಗೊತ್ತಿರಂಗಿಲ್ಲ. ಒಡದು ತಗದ್ರ ರಾಡಿ ಕಲ್ಲಿನಂಗ ಕೂತಿರತದ, ಗಾಡಿ ಪೈಪಿಗೆ ಬರಂಗಿಲ್ಲ. ಆಗ ಯಾರೋ ಅಂತಾರ, “ಇಬ್ಬರನ್ನ ಕರಸ್ರಿ, ಇಳದು ತಗೀತಾರ. ಅವರಿಗೆ ರೂಢಿ ಅದ.”

ರೂಢಿ! ಯಾರ ಪುಪ್ಪುಸಕ್ಕ ಆ ಗ್ಯಾಸ್ ರೂಢಿ ಆಗತದರೀ? ಹೈಡ್ರೋಜನ್ ಸಲ್ಫೈಡ್ ಮೊದಲ ಕೊಳತ ತತ್ತಿ ವಾಸನಿ ಬರತದ, ಹೆಚ್ಚಾತಂದ್ರ ಮೂಗಿಗೆ ವಾಸನೀನ ತಿಳಿಯಂಗಿಲ್ಲ. ಒಬ್ಬಾವ ಬೀಳತಾನ, ಅವನ್ನ ಎತ್ತಲಿಕ್ಕೆ ಇಳದಾವನೂ ಬೀಳತಾನ. ಪೇಪರಿನ್ಯಾಗ ಎಷ್ಟ ಸಲ ಓದಿಲ್ಲ ನಾವು? ರಕ್ಷಣಾ ಸಾಮಾನಿಲ್ಲದ ಮನಷ್ಯಾನ್ನ ಟ್ಯಾಂಕಿಗೆ ಇಳಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಮೊದಲನೇ ಸಲಾನ 2 ವರ್ಷದ ತನಕ ಜೈಲು, ಇಲ್ಲಾ 2 ಲಕ್ಷದ ತನಕ ದಂಡ, ಎರಡೂ ಆಗಬಹುದು. ಸತ್ತವರ ಮನಿಯವರಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಾಗ ಹೇಳೇದ. ಇಷ್ಟೆಲ್ಲಾ ಇದ್ದೂ, ಇಳದು ಬಂದಾವಗ ಚಹಾ ಕೊಡೋ ಮುಂದ ಬ್ಯಾರೆ ಕಪ್ಪು ಹುಡುಕತೇವಿ ನಾವು.

ಖರ್ಚು ಅಂತೀರಿ. ದೀಪಾವಳಿಗೆ ಬಣ್ಣ ಹಚ್ಚಸೋ ಮುಂದ, ಹಾಲಿಗೆ ಪಿಒಪಿ ಮಾಡಸೋ ಮುಂದ ಈ ಖರ್ಚಿನ ಮಾತು ಬರಂಗಿಲ್ಲಲ್ಲಾ! ಗಾಡಿಯವ್ರನ್ನ ಕರಸಿದಾಗ ‘ಎಲ್ಲೆ ಹೋಗಿ ಸುರೂತೀರಿ’ ಅಂತನೂ ಕೇಳ್ರಿ. ಹಳ್ಳಕ್ಕ ಸುರದ್ರ ತಿರುಗಿ ನಮ್ಮ ಕಡೇನ ಬರತದ. ದೇವನಹಳ್ಳಿಯೊಳಗ 2015ರಾಗನ ಇದನ್ನ ಶುದ್ಧ ಮಾಡೋ ಘಟಕ ಆಗೇದ, ಆಗದ ಕೆಲಸ ಏನಲ್ಲ.

ಈಗ ನಮ್ಮ ಓಣ್ಯಾಗ ಮೂರು ಮನಿ ಏಳಲಿಕ್ಕೆ ಹತ್ತ್ಯಾವ. ಅಡಗಿಮನಿ ಕಟ್ಟಿ ಎತ್ತರಕ್ಕ ಗೌಂಡಿ ಜೋಡಿ ವಾದಾ ಮಾಡೋ ನೀವು, ಟ್ಯಾಂಕಿಗೆ ಸ್ಲ್ಯಾಬ್ ಹಾಕೋ ದಿನಾನೂ ಹೋಗಿ ನಿಂದರ್ರಿ. ತಳಕ್ಕ ಕಾಂಕ್ರೀಟ್ ಬಿತ್ತಾ, ಎರಡು ಕೋಣಿಗೂ ಎತ್ತಲಿಕ್ಕೆ ಬರೋ ಮುಚ್ಚಳ ಇಟ್ಟನಾ ಅಂತ ನೋಡ್ರಿ. ಆಂವ “ಯಾಕ ಬೇಕ್ರಿ ಅಕ್ಕಾರ, ನಿಮ್ಮ ಟ್ಯಾಂಕ್ 20 ವರ್ಷ ತುಂಬಂಗಿಲ್ಲ” ಅಂದ್ರ, ಆ ದಿನದ ಪಗಾರ ಕೊಡೋದ ನಿಂದರಸ್ರಿ.