ಮಗೂಗೆ ಜ್ವರ ಬಂದ್ರೆ?

ಹಾಯಿದೋಣಿಯಲ್ಲೇ ಸಂಸಾರ ಮಾಡೋ ಕುಟುಂಬಗಳ ವಿಡಿಯೋ ನಿಮ್ಮ ಫೀಡ್‌ನಲ್ಲೂ ಬಂದಿರುತ್ತೆ. ಅಪ್ಪ, ಅಮ್ಮ, ಎರಡು ಮಕ್ಕಳು, ಸುತ್ತ ನೀಲಿ ನೀರು, ಕಂಬಿ ಮೇಲೆ ಒಣಗ್ತಿರೋ ಬಟ್ಟೆ. ನನಗೂ ನನ್ನ ಹೆಂಡತಿಗೂ ಈ ಹುಚ್ಚು ಹಿಡಿದು ಒಂದು ವರ್ಷವಾಯ್ತು. ಹೋಮ್ ಲೋನ್ ಇನ್ನೂ ಹದಿನೇಳು ವರ್ಷ ಇದೆ, ಆ ಮಾತು ಬೇರೆ.

ಇಂಥವರಿಗೆ ಅಚ್ಚುಮೆಚ್ಚಿನ ಜಾಗಗಳಲ್ಲಿ ಕೆರಿಬಿಯನ್‌ನ ಗ್ರೆನಡೀನ್ಸ್ ಒಂದು. ಸೇಂಟ್ ವಿನ್ಸೆಂಟ್‌ನಿಂದ ಗ್ರೆನಾಡಾವರೆಗೆ ಸರ ಪೋಣಿಸಿದ ಹಾಗೆ ಸಣ್ಣ ಸಣ್ಣ ದ್ವೀಪಗಳು. (2024ರ ಟಿ20 ವಿಶ್ವಕಪ್‌ನಲ್ಲಿ ಅಫ್ಘಾನಿಸ್ತಾನ ಆಸ್ಟ್ರೇಲಿಯಾವನ್ನ ಸೋಲಿಸಿತಲ್ಲ, ಅದೇ ಸೇಂಟ್ ವಿನ್ಸೆಂಟ್.) ಅಲ್ಲಿಂದ ಬೆಕ್ವಿಯಾ ದ್ವೀಪಕ್ಕೆ ಹದಿನಾರು ಕಿಲೋಮೀಟರ್ ಆಸುಪಾಸು. ಶಾಲೆಯಲ್ಲಿ ಓದಿದ ವಾಣಿಜ್ಯ ಮಾರುತ ಪೂರ್ವದಿಂದ ಬೀಸ್ತಾ ಇರುತ್ತೆ. ತಿಂಡಿ ತಿಂದು ಹಾಯಿ ಬಿಚ್ಚಿದ್ರೆ ಊಟದ ಹೊತ್ತಿಗೆ ಮುಂದಿನ ದ್ವೀಪ.

ವಿಡಿಯೋದಲ್ಲಿ ಕಡಿಮೆ ಕಾಣೋದು ನೀರಿನ ಲೆಕ್ಕ. ನಮ್ಮ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಮಾನದಂಡ. ನಾಲ್ಕು ಜನಕ್ಕೆ 540. ಎಷ್ಟೋ ದೋಣಿಗಳ ಇಡೀ ಟ್ಯಾಂಕೇ ಹೆಚ್ಚುಕಮ್ಮಿ ಅಷ್ಟು. ಪಾತ್ರೆಯನ್ನ ಉಪ್ಪುನೀರಲ್ಲಿ ತೊಳೆದು, ಕೊನೆಗೊಂದು ಸಲ ಸಿಹಿನೀರಲ್ಲಿ ಅದ್ದಿ ತೆಗೀತಾರೆ. ಸಮುದ್ರದ ನೀರನ್ನ ಸಿಹಿ ಮಾಡೋ ಆರ್‌ಒ ಯಂತ್ರ ಇದೆ, ಆದ್ರೆ ಅದಕ್ಕೆ ಸುಮಾರು 55 ಬಾರ್ ಒತ್ತಡ ಬೇಕು. ಕಾರಿನ ಟೈರ್‌ಗಿಂತ ಇಪ್ಪತ್ತೈದು ಪಟ್ಟು! ಅದಕ್ಕೆ ಬೇಕಾದ ಕರೆಂಟನ್ನೂ ದೋಣಿಯಲ್ಲೇ ಹುಟ್ಟಿಸ್ಕೋಬೇಕು.

ಇನ್ನು ರಾತ್ರಿ. ಲಂಗರು ಹಾಕಿ ಮಲಗುವಾಗ ಫೋನ್‌ನಲ್ಲಿ ಜಿಪಿಎಸ್ ಅಲಾರಂ ಇಡ್ತಾರೆ. ಲಂಗರು ಜಾರಿ ದೋಣಿ ಗೊತ್ತುಮಾಡಿದ ವೃತ್ತ ದಾಟಿದ್ರೆ ಕೂಗುತ್ತೆ. ಆನ್‌ಕಾಲ್ ಮಾಡಿದವರಿಗೆ ಈ ನಿದ್ದೆ ಎಂಥದು ಅಂತ ಗೊತ್ತು. ವ್ಯತ್ಯಾಸ ಇಷ್ಟೇ, ನಾವು ಇನ್ನೊಬ್ಬರಿಗೆ ಎಸ್ಕಲೇಟ್ ಮಾಡಬಹುದು. ಅಲ್ಲಿ ಗಂಡ, ಇಲ್ಲಾ ಹೆಂಡತಿ.

ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಆಗ ಬಹಳ ದೋಣಿಗಳು ದಕ್ಷಿಣಕ್ಕೆ, ಗ್ರೆನಾಡಾ ಕಡೆಗೆ ಇಳಿತವೆ, ಅಲ್ಲಿ ಅಪಾಯ ಕಡಿಮೆ ಅಂತ. ಕಡಿಮೆ, ಅಷ್ಟೇ. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಗ್ರೆನಾಡಾವನ್ನೇ ಹೊಡೆಯಿತು. 2024ರ ಜುಲೈ 1ರಂದು ಬೆರಿಲ್ ಭಾರಿ ಗಾಳಿಯೊಂದಿಗೆ ಪಕ್ಕದ ಕ್ಯಾರಿಯಾಕೂ ದ್ವೀಪದ ಮೇಲೆ ಬಂತು. ಕಾಂಡ್ಲಾ ಕಾಡಿನ ಮರೆಯಲ್ಲಿ ಕಟ್ಟಿಹಾಕಿದ್ದ ಎಷ್ಟೋ ದೋಣಿಗಳೂ ಉಳಿಯಲಿಲ್ಲ.

ಇದನ್ನೆಲ್ಲ ಸ್ಪ್ರೆಡ್‌ಶೀಟ್‌ಗೆ ಹಾಕ್ತಾ ಕೂತಿದ್ದಾಗ ಊರಿಂದ ಬಂದಿದ್ದ ಅಮ್ಮ ಒಂದೇ ಮಾತು ಕೇಳಿದ್ರು: "ಅಲ್ಲ ಕಣೋ, ಮಗೂಗೆ ಜ್ವರ ಬಂದ್ರೆ ಏನ್ ಮಾಡ್ತೀರ?"

ಸ್ಪ್ರೆಡ್‌ಶೀಟ್‌ನಲ್ಲಿ ಆ ಕಾಲಂ ಇರಲಿಲ್ಲ. ಆದ್ರೆ ಈ ಪ್ರಶ್ನೆಗೆ ನಿಜವಾಗಿ ನಡೆದ ಉತ್ತರ ಇದೆ. 2014ರಲ್ಲಿ 'ರೆಬೆಲ್ ಹಾರ್ಟ್' ಅನ್ನೋ 36 ಅಡಿ ದೋಣಿಯಲ್ಲಿ ಅಮೆರಿಕದ ಒಂದು ದಂಪತಿ ಮೂರು ಮತ್ತು ಒಂದು ವರ್ಷದ ಹೆಣ್ಣುಮಕ್ಕಳ ಜೊತೆ ಮೆಕ್ಸಿಕೋದಿಂದ ಪೆಸಿಫಿಕ್ ದಾಟೋಕೆ ಹೊರಟ್ರು. ದಡದಿಂದ ನೂರಾರು ಮೈಲಿ ಆಚೆ ಚಿಕ್ಕವಳಿಗೆ ಜ್ವರ, ಮೈಮೇಲೆ ಗುಳ್ಳೆ. ಔಷಧಿಗೆ ಬಗ್ಗಲಿಲ್ಲ. ದೋಣಿಯ ಚುಕ್ಕಾಣಿಯೂ ಕೈಕೊಟ್ಟಿತು. ರಕ್ಷಣಾ ಸಿಬ್ಬಂದಿ ವಿಮಾನದಿಂದ ಪ್ಯಾರಾಚೂಟ್‌ನಲ್ಲಿ ಸಮುದ್ರಕ್ಕೆ ಹಾರಿ ಮಗುವನ್ನ ನೋಡ್ಕೊಂಡ್ರು. ಆಮೇಲೆ ನೌಕಾಪಡೆಯ ಹಡಗು ಬಂದು ಎಲ್ಲರನ್ನೂ ಕರೆದೊಯ್ದಿತು. ಮಗು ಉಳೀತು. ಅವರ ಮನೆಯೇ ಆಗಿದ್ದ ದೋಣಿಯನ್ನ ಅಲ್ಲೇ ಮುಳುಗಿಸಬೇಕಾಯ್ತು. ಮಕ್ಕಳನ್ನ ಕರ್ಕೊಂಡು ಹೋಗಿದ್ದೇ ತಪ್ಪು ಅಂತ ಆ ದಂಪತಿಯನ್ನ ಜನ ಬಾಯಿಗೆ ಬಂದ ಹಾಗೆ ಬೈದ್ರು.

ನಾನು ಬೈಯಲ್ಲ. ವಾರದ ದಿನಗಳಲ್ಲಿ ನನ್ನ ಮಗಳು ಎಚ್ಚರ ಇರುವಾಗ ನಾನು ಅವಳ ಜೊತೆ ಇರೋದು ದಿನಕ್ಕೆ ಒಂದೂವರೆ ಗಂಟೆ. ಔಟರ್ ರಿಂಗ್ ರೋಡ್ ಕೃಪೆ ಇದ್ರೆ. ಆ ಮಕ್ಕಳಿಗೆ ಅಪ್ಪ-ಅಮ್ಮ ಇಡೀ ದಿನ ಕೈಗೆ ಸಿಗ್ತಾರೆ. ನಮ್ಮನ್ನ ಆ ವಿಡಿಯೋಗಳ ಮುಂದೆ ಕೂರಿಸೋದು ನೀಲಿ ನೀರಲ್ಲ, ಇದೇ ಅಂತ ನನ್ನ ಅನುಮಾನ. ಆದ್ರೂ ಮುಂದಿನ ದ್ವೀಪ ಕಣ್ಣಿಗೆ ಕಾಣೋ ಗ್ರೆನಡೀನ್ಸ್ ಬೇರೆ, ವಾರಗಟ್ಟಲೆ ದಡವೇ ಸಿಗದ ಪೆಸಿಫಿಕ್ ಬೇರೆ. ಮೊದಲನೆಯದಕ್ಕೆ ನಾನು ಈಗಲೂ ಹೂಂ. ಎರಡನೆಯದಕ್ಕೆ, ಮಗಳು ತನಗೆಲ್ಲಿ ನೋವು ಅಂತ ಬಾಯಿಬಿಟ್ಟು ಹೇಳೋ ವಯಸ್ಸಾಗೋವರೆಗೆ, ಊಹೂಂ.

ಹೆಂಡತಿಯ ಷರತ್ತು ಇನ್ನೂ ಸರಳ: "ಮೊದ್ಲು ಅವಳು ಈಜು ಕಲೀಲಿ, ಆಮೇಲೆ ಮಾತಾಡೋಣ." ಹೋದ ಶನಿವಾರದಿಂದ ಕ್ಲಾಸ್ ಶುರು. ಸದ್ಯಕ್ಕೆ ಕೊಳದ ಎರಡನೇ ಮೆಟ್ಟಿಲಿನವರೆಗೆ ಇಳಿದಿದ್ದಾಳೆ.