ಆರ್ಥಿಕ ಒಕ್ಕೂಟಕ್ಕೆ ಸೇರ್ಪಡೆ ಮತ್ತು ಕೃಷಿ ಕ್ಷೇತ್ರ: ಪೋಲೆಂಡ್ ದೇಶದ ಅನುಭವ

ಹಲವು ದೇಶಗಳು ಕೂಡಿ ಒಂದೇ ಮಾರುಕಟ್ಟೆಯಾಗಿ ವ್ಯವಹರಿಸುವ ವ್ಯವಸ್ಥೆಯನ್ನು ಆರ್ಥಿಕ ಒಕ್ಕೂಟವೆಂದು ಕರೆಯಲಾಗುತ್ತದೆ. ಇಂತಹ ಒಕ್ಕೂಟಕ್ಕೆ ಸೇರುವ ದೇಶದ ರೈತರ ಮೇಲೆ ಉಂಟಾಗುವ ಪರಿಣಾಮಗಳನ್ನು ತಿಳಿಯಲು, 2004ರ ಮೇ 1ರಂದು ಐರೋಪ್ಯ ಒಕ್ಕೂಟದ ಸದಸ್ಯತ್ವ ಪಡೆದ ಪೋಲೆಂಡ್ ದೇಶದ ಉದಾಹರಣೆಯನ್ನು ಗಮನಿಸಬಹುದಾಗಿದೆ. ಸದರಿ ದೇಶದಲ್ಲಿ ಹೆಚ್ಚಿನ ಹಿಡುವಳಿಗಳು 5 ಹೆಕ್ಟೇರ್‌ಗಿಂತ ಚಿಕ್ಕವಾಗಿದ್ದು, ಪಶ್ಚಿಮ ಯುರೋಪಿನ ಸರಕಿನ ಎದುರು ಸಣ್ಣ ರೈತರು ಉಳಿಯಲಾರರೆಂಬ ಆತಂಕ ವ್ಯಾಪಕವಾಗಿತ್ತು.

ಸಂಭವಿಸಿದ್ದು ಬೇರೆ. ಗಡಿಯಲ್ಲಿನ ಸುಂಕಗಳು ತೆರವಾದ ಕೂಡಲೇ ಪೋಲೆಂಡಿನ ಮಾಂಸ ಮತ್ತು ಹಾಲಿಗೆ ಹೊರಗಿನಿಂದ ಬೇಡಿಕೆ ಬಂದು, ರೈತರಿಗೆ ದೊರೆಯುವ ದರ ಏರಿತು. ಗ್ರಾಹಕರಿಗೆ ಇದು ಹೊರೆಯಾಯಿತು. ಸಕ್ಕರೆಯಂತೂ ದುಬಾರಿಯಾಗುವುದೆಂದು ಜನರು ಸೇರ್ಪಡೆಗೆ ಮುನ್ನವೇ ಕೊಂಡು ದಾಸ್ತಾನು ಮಾಡಿಕೊಂಡಿದ್ದರು.

ಇದಕ್ಕಿಂತ ಮಹತ್ವದ್ದು ಒಕ್ಕೂಟದಿಂದ ರೈತರಿಗೆ ದೊರೆಯುವ ನೇರ ಸಹಾಯಧನ. ಹಳೆಯ ಸದಸ್ಯ ದೇಶಗಳ ಪ್ರಮಾಣದ ಶೇಕಡ 25ರಷ್ಟನ್ನು ಮಾತ್ರ 2004ರಲ್ಲಿ ನಿಗದಿಪಡಿಸಿ, ಹಂತ ಹಂತವಾಗಿ ಹೆಚ್ಚಿಸಿ 2013ರ ವೇಳೆಗೆ ಪೂರ್ಣ ಪ್ರಮಾಣಕ್ಕೆ ತರಲಾಯಿತು. ಕೊರತೆಯ ಒಂದು ಭಾಗವನ್ನು ಸ್ವದೇಶದ ಆಯವ್ಯಯದಿಂದ ಭರಿಸಲು ಅವಕಾಶವಿತ್ತು. ಆದರೂ ಒಂದೇ ಮಾರುಕಟ್ಟೆಯಲ್ಲಿ ಮಾರುವ ರೈತರಿಗೆ ಎರಡು ಪ್ರಮಾಣದ ನೆರವು ನ್ಯಾಯೋಚಿತವೆನ್ನುವುದು ಕಷ್ಟ.

ಸದರಿ ಸಹಾಯಧನವನ್ನು ಬೆಳೆದ ಬೆಳೆಯ ಮೇಲಲ್ಲ, ಜಮೀನಿನ ವಿಸ್ತೀರ್ಣದ ಮೇಲೆ ಲೆಕ್ಕ ಹಾಕಲಾಗುತ್ತಿತ್ತು. 1 ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆಗಿಂತ ಕಡಿಮೆ ಜಮೀನುಳ್ಳವರು ಅರ್ಹರಾಗಿರಲಿಲ್ಲ. ಪ್ರತಿಯೊಂದು ತಾಕಿನ ಸಂಖ್ಯೆ ಹಾಗೂ ವಿಸ್ತೀರ್ಣವನ್ನು ನಮೂದಿಸಿ ಪ್ರತಿ ವರ್ಷವೂ ಅರ್ಜಿ ಸಲ್ಲಿಸಬೇಕಾಗಿದ್ದು, ದಾಖಲೆಗಳೊಂದಿಗೆ ತಾಳೆಯಾಗದಿದ್ದಲ್ಲಿ ಮೊತ್ತವನ್ನು ಕಡಿತಗೊಳಿಸಲಾಗುತ್ತಿತ್ತು. ಮೊದಲನೆಯ ವರ್ಷವೇ ಸುಮಾರು 14 ಲಕ್ಷ ರೈತರು ಅರ್ಜಿ ಸಲ್ಲಿಸಿದರು. ಹೆಚ್ಚು ಜಮೀನಿದ್ದವರಿಗೆ ಹೆಚ್ಚು ಹಣ ಸಂದಾಯವಾಯಿತು. ಗೇಣಿ ದರಗಳೂ ಜಮೀನಿನ ಬೆಲೆಯೂ ಏರಿದವು. ನಿಯಮದ ಪ್ರಕಾರ ಹಣವು ಸಾಗುವಳಿ ಮಾಡುವವರಿಗೆ ಸಲ್ಲತಕ್ಕದ್ದು. ಆದರೆ ಬಾಯಿಮಾತಿನ ಗೇಣಿಯಲ್ಲಿ ಲಿಖಿತ ಕರಾರು ಇಲ್ಲದಿರುವುದರಿಂದ, ಎಷ್ಟೋ ಕಡೆ ಉಳುವವರು ಒಬ್ಬರು, ಅರ್ಜಿ ಹಾಕಿ ಹಣ ಪಡೆದ ಮಾಲೀಕರು ಇನ್ನೊಬ್ಬರು. ಉಳುವವನೇ ಹೊಲದೊಡೆಯ ಎಂಬ ಮಾತನ್ನು ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೈನುಗಾರಿಕೆಯಲ್ಲಿ ಶುಚಿತ್ವ ಮತ್ತು ಶೀತಲೀಕರಣದ ನಿಯಮಗಳು ಬಿಗಿಯಾಗಿ, ಎರಡು ಮೂರು ಹಸುಗಳನ್ನು ಸಾಕುತ್ತಿದ್ದ ಅನೇಕರು ಹಾಲು ಪೂರೈಕೆಯನ್ನೇ ಕೈಬಿಟ್ಟರು. ದೇಶಕ್ಕೆ ನಿಗದಿಯಾದ ಮಿತಿಯನ್ನು ಮೀರಿ ಹಾಲು ಪೂರೈಕೆಯಾದಲ್ಲಿ ದಂಡ ತೆರಬೇಕಾಗಿತ್ತು. ಈ ಮಿತಿಯನ್ನು 2015ರ ಮಾರ್ಚ್ 31ರ ನಂತರ ರದ್ದುಪಡಿಸಲಾಗಿದೆ.

ಆಮದು ಸುಂಕವನ್ನು ನಿರ್ಧರಿಸುವ ಅಧಿಕಾರವೂ ಸದಸ್ಯ ದೇಶದಿಂದ ಒಕ್ಕೂಟಕ್ಕೆ ವರ್ಗಾವಣೆಯಾಗುತ್ತದೆ. 2022ರಲ್ಲಿ ಒಕ್ಕೂಟವು ಯುದ್ಧಪೀಡಿತ ಉಕ್ರೇನಿನ ಸರಕುಗಳ ಮೇಲಿನ ಸುಂಕವನ್ನು ತೆಗೆದುಹಾಕಿದಾಗ ಅಲ್ಲಿನ ಧಾನ್ಯವು ಪೋಲೆಂಡಿನ ಮಾರುಕಟ್ಟೆಗೆ ಹರಿದು ಬಂದಿತು. ರೈತರ ಪ್ರತಿಭಟನೆಯ ಹಿನ್ನೆಲೆಯಲ್ಲಿ ಪೋಲೆಂಡ್ 2023ರ ಏಪ್ರಿಲ್‌ನಲ್ಲಿ ಸದರಿ ಆಮದನ್ನು ತಾನಾಗಿಯೇ ನಿಷೇಧಿಸಿತು. ಇಂತಹ ಏಕಪಕ್ಷೀಯ ಕ್ರಮವು ಸ್ವೀಕಾರಾರ್ಹವಲ್ಲವೆಂದು ಐರೋಪ್ಯ ಆಯೋಗವು ತಿಳಿಸಿತು.