ಮೊದಲ ದಿನದ ಎಣ್ಣೆ



ನಮ್ಮ ಸಂಘದ ದೀಪಾವಳಿ ಸ್ನೇಹಕೂಟದಲ್ಲಿ ಊಟಕ್ಕೆ ಸಾಲು ನಿಂತಿದ್ದಾಗ ನಿಮ್ಮಲ್ಲೇ ಒಬ್ಬ ಹುಡುಗ ನನ್ನನ್ನು ಕೇಳಿದ, "ಆಂಟಿ, ನೀವು ಪವಾಡಗಳನ್ನು ನಂಬುತ್ತೀರಾ?" ಕೈಯಲ್ಲಿ ತಟ್ಟೆ, ಹಿಂದಿನಿಂದ ನೂಕುವ ಜನ. "ಅಂಕಣದಲ್ಲಿ ಬರೆಯುತ್ತೇನಪ್ಪಾ" ಎಂದು ಜಾರಿಕೊಂಡೆ. ಅವನು ಬಿಡಲಿಲ್ಲ. ಹೋಳಿಗೆಯ ಹತ್ತಿರ ತಲುಪುವಷ್ಟರಲ್ಲಿ ಇನ್ನೊಂದು ಮಾತು ಹೇಳಿದ, ಅದೂ ಅರ್ಧ ಹಿಂದಿಯಲ್ಲಿ. ತನಗೆ ಬರುವ ಕನ್ನಡ ಅಜ್ಜಿಯ ಜೊತೆ ಮಾತಾಡುವಷ್ಟು ಮಾತ್ರ. ಈಗ ಅಜ್ಜಿಯೇ ಇಲ್ಲ. ಇನ್ನು ಅಷ್ಟು ಕನ್ನಡ ಇಟ್ಟುಕೊಂಡು ಏನು ಮಾಡಲಿ?

ಎರಡು ಪ್ರಶ್ನೆಗಳಿಗೂ ಸಂಬಂಧವಿದೆ ಎಂದು ಅವನಿಗೆ ಅನ್ನಿಸಿರಲಿಕ್ಕಿಲ್ಲ. ನನಗೆ ಮಾತ್ರ ಅಂದು ರಾತ್ರಿ ಪಾತ್ರೆ ಒರೆಸುತ್ತಿರುವಾಗ ಮಾವಶಿಯ ನೆನಪಾಯಿತು.

ನಾನು 1993ರಲ್ಲಿ ಮದುವೆಯಾಗಿ ಠಾಣೆಗೆ ಬಂದಾಗ ನಮ್ಮ ಎದುರು ಮನೆಯಲ್ಲಿದ್ದವರು ಬೆನೆ ಇಸ್ರೇಲ್ ಸಮುದಾಯದ ಒಬ್ಬ ಹಿರಿಯಾಕೆ. ಸೀರೆ, ಕೈತುಂಬ ಹಸಿರು ಬಳೆ, ಅಚ್ಚ ಮರಾಠಿ. ಬಿಲ್ಡಿಂಗಿನವರಿಗೆಲ್ಲ ಅವರು ಮಾವಶಿ. ಯೆಹೂದಿಗಳೆಂದು ನನಗೆ ತಿಳಿದದ್ದೇ ಡಿಸೆಂಬರಿನ ಒಂದು ಸಂಜೆ. ಅವರ ಕಿಟಕಿಯಲ್ಲಿ ಸಾಲಾಗಿ ದೀಪ. ಅಂದು ಕರೆಂಟು ಹೋಗಿತ್ತು. ಹರಿದ ರವಿಕೆಯೊಂದನ್ನು ಹಿಡಿದುಕೊಂಡು ಹೋಗಿ, ಆ ದೀಪದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಲು ಕುಳಿತೆ. ಮಾವಶಿ ನಕ್ಕು ನನ್ನ ಕೈ ಹಿಡಿದರು. "ಈ ಬೆಳಕು ಕೆಲಸಕ್ಕಲ್ಲ ಮಗಳೇ, ನೋಡುವುದಕ್ಕೆ ಮಾತ್ರ." ಪಕ್ಕದಲ್ಲಿ ಪ್ರತ್ಯೇಕವಾಗಿ ಉರಿಯುತ್ತಿದ್ದ ಒಂಬತ್ತನೆಯ ದೀಪವನ್ನು ತೋರಿಸಿದರು. ಅದರ ಹೆಸರು ಶಮಾಶ್, ಅಂದರೆ ಸೇವಕ. ಉಳಿದವನ್ನು ಹಚ್ಚುವುದು ಅದರಿಂದ. ಬೆಳಕನ್ನು ಬಳಸಿಕೊಳ್ಳುವುದಿದ್ದರೂ ಅದರದೇ. ದೀಪಗಳು ಉರಿಯುವಷ್ಟು ಹೊತ್ತು ಹೆಂಗಸರು ಮನೆಗೆಲಸ ಮುಟ್ಟುವುದಿಲ್ಲ ಎಂಬ ರೂಢಿಯೂ ಇದೆ. ಕೇಳಿ ನನಗೆ ಹೊಟ್ಟೆಕಿಚ್ಚಾಯಿತು ಎಂದು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಹಬ್ಬದ ಹೆಸರು ಹನುಕ್ಕಾ. ಶಬ್ದದ ಅರ್ಥ ಸಮರ್ಪಣೆ. ಚಂದ್ರಗುಪ್ತ ಮೌರ್ಯನೊಡನೆ ಒಪ್ಪಂದ ಮಾಡಿಕೊಂಡ ಸೆಲ್ಯೂಕಸನ ಹೆಸರು ಶಾಲೆಯಲ್ಲಿ ಓದಿದ್ದೀರಲ್ಲ, ಅವನ ವಂಶದಲ್ಲಿ ಮುಂದೆ ಬಂದ ನಾಲ್ಕನೆಯ ಆಂಟಿಯೋಕಸ್ ಕ್ರಿಸ್ತಪೂರ್ವ 167ರ ಸುಮಾರಿಗೆ ಜೆರುಸಲೇಮಿನ ದೇವಾಲಯದಲ್ಲಿ ಜ್ಯೂಸ್ ದೇವರ ಪೂಜೆ ನಡೆಸಿದ. ಯೆಹೂದಿಗಳ ಸಬ್ಬತ್, ಸುನ್ನತಿ ಎಲ್ಲವನ್ನೂ ನಿಷೇಧಿಸಿದ. ಮೋದಿಯಿನ್ ಎಂಬ ಹಳ್ಳಿಯ ಪುರೋಹಿತ ಮತ್ತಥಿಯ ಮತ್ತು ಅವನ ಐವರು ಮಕ್ಕಳು ತಿರುಗಿಬಿದ್ದರು. ಮಗ ಯೂದ ಮಕ್ಕಬಿಯ ನಾಯಕತ್ವದಲ್ಲಿ ಕ್ರಿಸ್ತಪೂರ್ವ 164ರಲ್ಲಿ ದೇವಾಲಯವನ್ನು ಮರಳಿ ಪಡೆದು, ಶುದ್ಧಿ ಮಾಡಿ, ಕಿಸ್ಲೇವ್ ತಿಂಗಳ 25ರಂದು ಮತ್ತೆ ಸಮರ್ಪಿಸಿದರು.

ಎಣ್ಣೆಯ ಕಥೆ ಬರುವುದು ಇಲ್ಲಿ. ದೇವಾಲಯದ ದೀಪಸ್ತಂಭಕ್ಕೆ ಶುದ್ಧ ಆಲಿವ್ ಎಣ್ಣೆಯೇ ಬೇಕು. ಹುಡುಕಿದಾಗ ಪ್ರಧಾನ ಪುರೋಹಿತನ ಮುದ್ರೆ ಒಡೆಯದ ಒಂದೇ ಒಂದು ಕುಡಿಕೆ ಸಿಕ್ಕಿತು. ಅದು ಒಂದು ದಿನಕ್ಕಾಗುವಷ್ಟು. ಉರಿದದ್ದು ಎಂಟು ದಿನ. ಹೊಸ ಎಣ್ಣೆ ಸಿದ್ಧವಾಗಲು ಅಷ್ಟು ದಿನ ಬೇಕಿತ್ತು ಎಂದು ವಿವರಿಸುತ್ತಾರೆ.

"ಇದು ನಡೆದದ್ದು ಹೌದೇ?" ಎಂದು ಕೇಳುವಿರಿ. ಆ ಕಾಲಕ್ಕೆ ಹತ್ತಿರದ ಮಕ್ಕಬಿಯರ ಗ್ರಂಥಗಳಲ್ಲಿ ಕುಡಿಕೆಯ ಸುದ್ದಿಯೇ ಇಲ್ಲ. ಗುಹೆಗಳಲ್ಲಿ ಅಡಗಿದ್ದಾಗ ಎಂಟು ದಿನದ ಪರ್ಣಶಾಲೆ ಹಬ್ಬ ತಪ್ಪಿಹೋಗಿತ್ತು, ಅದರ ರೀತಿಯಲ್ಲೇ ಈ ಎಂಟು ದಿನ ಆಚರಿಸಿದರು ಎಂದು ಎರಡನೆಯ ಗ್ರಂಥ ಹೇಳುತ್ತದೆ. ಕುಡಿಕೆಯ ಕಥೆ ಬರುವುದು ಎಷ್ಟೋ ಶತಮಾನಗಳ ಅನಂತರದ ತಾಲ್ಮುದಿನಲ್ಲಿ. ಅತ್ತ ಹಬ್ಬದ ಪ್ರಾರ್ಥನೆ ನೋಡಿದರೆ, ಬಲಹೀನರಾದ ಕೆಲವರು ಬಲಶಾಲಿಗಳಾದ ಹಲವರನ್ನು ಗೆದ್ದ ಪವಾಡವನ್ನು ನೆನೆಯುತ್ತದೆ. ಎಂಟು ದಿನದ ಎಣ್ಣೆಯ ಮಾತನ್ನೇ ಎತ್ತುವುದಿಲ್ಲ. ಅಂದರೆ ಪವಾಡ ಎರಡು, ಕತ್ತಿಯದೊಂದು, ಎಣ್ಣೆಯದೊಂದು. ಮನೆಯ ಕಿಟಕಿಯಲ್ಲಿ ಇಡುವುದು ಎಣ್ಣೆಯದನ್ನು. ಗೆದ್ದವರ ವಂಶ ಮುಂದೆ ಸಿಂಹಾಸನವೇರಿ ತಮ್ಮತಮ್ಮಲ್ಲೇ ಕಾದಾಡಿತು. ಅದನ್ನು ಕಂಡ ಜ್ಞಾನಿಗಳು ಯುದ್ಧವನ್ನು ಹಿಂದೆ ಸರಿಸಿ ದೀಪವನ್ನು ಮುಂದಿಟ್ಟರು ಎನ್ನುವವರಿದ್ದಾರೆ. ನನಗೂ ಹಾಗೆಯೇ ಅನ್ನಿಸುತ್ತದೆ.

ಆದರೆ ನಾನು ನಿಮಗೆ ಹೇಳಬೇಕೆಂದಿರುವುದು ಇದಾವುದೂ ಅಲ್ಲ, ಒಂದು ಲೆಕ್ಕ. ಹದಿನಾರನೆಯ ಶತಮಾನದ ಯೋಸೇಫ್ ಕಾರೋ ಎಂಬ ದೊಡ್ಡ ಪಂಡಿತರು ಎತ್ತಿದ ಪ್ರಶ್ನೆ. ಕುಡಿಕೆಯಲ್ಲಿ ಒಂದು ದಿನದ ಎಣ್ಣೆ ಇದ್ದೇ ಇತ್ತು. ಮೊದಲ ದಿನ ಅದು ಉರಿದದ್ದರಲ್ಲಿ ಏನು ವಿಶೇಷ? ಪವಾಡ ಏಳೇ ದಿನದ್ದಾಯಿತಲ್ಲ, ಎಂಟು ದಿನ ಹಬ್ಬವೇಕೆ? ಅಂದಿನಿಂದ ಇಂದಿನವರೆಗೆ ಇದಕ್ಕೆ ರಾಶಿ ರಾಶಿ ಉತ್ತರಗಳು ಬಂದಿವೆ. ಎಣ್ಣೆಯನ್ನು ಎಂಟು ಪಾಲು ಮಾಡಿದರು, ದಿನಕ್ಕೊಂದು ಪಾಲೇ ಸಾಕಾಯಿತು ಎನ್ನುವುದು ಒಂದು. ಸುರಿದ ಮೇಲೂ ಕುಡಿಕೆ ತುಂಬಿಯೇ ಇತ್ತು ಎನ್ನುವುದು ಇನ್ನೊಂದು. ಮಾವಶಿಗೆ ಇಷ್ಟವಾದದ್ದು ಬೇರೆ. ನಾಳೆಗೆ ಸಾಲದು ಎಂದು ತಿಳಿದಿದ್ದೂ ಅವರು ಹಚ್ಚಿದರಲ್ಲ, ಅದೇ ಮೊದಲ ದಿನದ ಪವಾಡವಂತೆ. "ಪೂರ್ತಿ ಎಣ್ಣೆ ಬರಲಿ, ಆಮೇಲೆ ನೋಡೋಣ ಅಂತ ಕೂತಿದ್ದರೆ?" ಎಂದು ನನ್ನನ್ನೇ ಕೇಳಿದ್ದರು. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದ ನಾನು ಸುಮ್ಮನೆ ಕುಳಿತೆ.

ಇನ್ನೂ ಒಂದು ಚರ್ಚೆ ಕೇಳಿ. ದೀಪ ಹಚ್ಚುವ ಕ್ರಮ ಹೇಗೆ? ಶಮ್ಮಾಯಿಯ ಶಿಷ್ಯರು ಮೊದಲ ದಿನ ಎಂಟು ಹಚ್ಚಿ ದಿನಕ್ಕೊಂದು ಕಡಿಮೆ ಮಾಡಿ ಎಂದರು. ಹಿಲ್ಲೇಲನ ಶಿಷ್ಯರು ಒಂದರಿಂದ ಹತ್ತಿ ಎಂಟಕ್ಕೆ ಹೋಗಿ, ಪವಿತ್ರವಾದದ್ದರಲ್ಲಿ ಏರಬೇಕೇ ಹೊರತು ಇಳಿಯಬಾರದು ಎಂದರು. ನಿಂತದ್ದು ಹಿಲ್ಲೇಲನ ಕ್ರಮ. ಹಾಗೆಂದು ಪವಾಡವೇ ಸರ್ವಸ್ವ ಎಂದುಕೊಳ್ಳಬೇಡಿ. ಬಡವನ ಹತ್ತಿರ ಒಂದೇ ದೀಪಕ್ಕೆ ಎಣ್ಣೆಯಿದ್ದರೆ ಹನುಕ್ಕಾ ದೀಪ ಬಿಟ್ಟು ಶುಕ್ರವಾರ ಸಂಜೆಯ ಮನೆದೀಪ ಹಚ್ಚಬೇಕೆಂಬುದು ನಿಯಮ. ಮನೆಮಂದಿ ಕತ್ತಲಲ್ಲಿ ಕೂತರೆ ಮನೆಯ ನೆಮ್ಮದಿ ಕೆಡುತ್ತದೆ. ಈ ನಿಯಮ ಮಾಡಿದವರ ಮನೆಯಲ್ಲಿ ಬುದ್ಧಿವಂತ ಹೆಂಡತಿ ಇದ್ದಿರಬೇಕು!

ಈಗ ಮಾವಶಿಯ ಜನರ ವಿಷಯ. ಕೊಂಕಣ ತೀರದ ನವಗಾಂವ್ ಬಳಿ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ಬದುಕಿ ಉಳಿದರೆಂದು ಅವರ ನಂಬಿಕೆ. ಗ್ರಂಥಗಳೆಲ್ಲ ಸಮುದ್ರದ ಪಾಲು. ಹಳ್ಳಿಗಳಲ್ಲಿ ಎಣ್ಣೆ ತೆಗೆಯುವ ಕಸುಬು ಹಿಡಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಇಟ್ಟ ಹೆಸರು ಶನಿವಾರ ತೇಲಿ. ಹೀಬ್ರೂ ಮರೆಯಿತು, ಶೆಮಾ ಎಂಬ ಒಂದು ಪ್ರಾರ್ಥನೆ ಮಾತ್ರ ನಾಲಿಗೆಯ ಮೇಲೆ ಉಳಿಯಿತು. ಹನುಕ್ಕಾ ಅವರಿಗೆ ಗೊತ್ತೇ ಇರಲಿಲ್ಲವಂತೆ. ಎಷ್ಟೋ ಕಾಲದ ಮೇಲೆ ಕೊಚ್ಚಿ ಮೊದಲಾದ ಕಡೆಯ ಯೆಹೂದಿಗಳಿಂದ ಕಲಿತರು. ಎಣ್ಣೆಯವರಿಗೇ ಎಣ್ಣೆಯ ಹಬ್ಬ ಗೊತ್ತಿರಲಿಲ್ಲ! ಮುಂಬಯಿಯ ಮಾಂಡ್ವಿಯಲ್ಲಿ 1796ರಲ್ಲಿ ಕಟ್ಟಿದ ಅವರ ಸಿನಗಾಗ್ ಇದೆ, ಮಸ್ಜಿದ್ ಸ್ಟೇಷನ್ನಿನಿಂದ ದೂರವಲ್ಲ. ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಕಂಪನಿಯ ಸೈನ್ಯದಲ್ಲಿದ್ದು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆ ಸಿಕ್ಕಿ, ಜೀವಸಹಿತ ಬಿಡುಗಡೆಯಾದ ಕೃತಜ್ಞತೆಗೆ ಕಟ್ಟಿಸಿದರೆಂದು ಹೇಳುತ್ತಾರೆ. ನಮ್ಮ ಶ್ರೀರಂಗಪಟ್ಟಣಕ್ಕೂ ಮಾವಶಿಯ ದೇವರಿಗೂ ಹೀಗೊಂದು ನಂಟು.

ಮಾವಶಿ 2004ರಲ್ಲಿ ಮಗನ ಜೊತೆ ಇಸ್ರೇಲಿಗೆ ಹೋದರು. ಹೋಗುವಾಗ ಅತ್ತದ್ದು ದೇಶಕ್ಕಿಂತ ಭಾಷೆಗೆ. ಅಲ್ಲಿ ಮರಾಠಿ ಯಾರ ಜೊತೆ ಆಡಲಿ ಎಂದು. ಹೌದು ಹುಡುಗಾ, ನಿನ್ನದೇ ಪ್ರಶ್ನೆ. ಈಗ ವಯಸ್ಸು ಎಂಬತ್ತು ದಾಟಿದೆ. ಹನುಕ್ಕಾ ಬಂದಾಗ ಫೋನು ತಪ್ಪುವುದಿಲ್ಲ. ಮರಿಮಗನಿಗೆ ಮರಾಠಿಯ ಗಂಧವಿಲ್ಲ. ಕಳೆದ ವರ್ಷ ದೀಪ ಹಚ್ಚುವಾಗ ದಿನಕ್ಕೊಂದು ಮರಾಠಿ ಶಬ್ದ ಹೇಳಿಕೊಟ್ಟರಂತೆ, ಮೊದಲ ಸಂಜೆ ಒಂದು, ಎರಡನೆಯ ಸಂಜೆ ಎರಡಾಯಿತು, ಹೀಗೆ. ಎಂಟನೆಯ ಸಂಜೆ ಅವನನ್ನು ಫೋನಿಗೆ ಕರೆದರು. ಅವನು ಉಸಿರು ಬಿಡದೆ ಎಂಟೂ ಶಬ್ದ ಒಪ್ಪಿಸಿದ. 'ಪಾಣಿ'ಯ 'ಣ' ಮಾತ್ರ ಹೊರಡಲಿಲ್ಲ. ಹಿಂದಿನಿಂದ ಮಾವಶಿ ತಿದ್ದುತ್ತಿದ್ದರು, "ಣ, ಣ, ನಾಲಿಗೆ ಮಡಿಸು!"